ಹಳದಿ ಇಲಿ, ಕೆಂಚಿ ದೊಡ್ಡಮ್ಮ

ನವೆಂಬರ್ 6, ಸೋಮವಾರ

ಲ್ಯಾಬಿನ ಬಿಸಿನೀರಿನ ತೊಟ್ಟಿ, ವಾಟರ್ ಬಾತ್, ಬೆಳಿಗ್ಗೆಯಿಂದ ಸತಾಯಿಸ್ತು. ಬಿಸಿ ನಿಲ್ಲಲ್ಲ. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ನೀರು ಹದಕ್ಕೆ ಬರೋವರೆಗೆ ಇಲಿ ಮುಟ್ಟೋ ಹಾಗಿಲ್ಲ. ಕಾಫಿ ಕುಡಿದು ಬಂದೆ. ಮತ್ತೆ ಹೋಗಿ ಕುಡಿದೆ.

ಮಧ್ಯಾಹ್ನದ ಮೇಲೆ ಕಪ್ಪು ಗಂಡಿಲಿಗಳ ಟೆಸ್ಟ್ ಮುಗೀತು. ಹಳದಿ ಗಂಡುಗಳದ್ದು ಅರ್ಧಕ್ಕೆ ನಿಂತ್ತು. ಎಲ್ಲಾ ಒಂದೇ ತಾಯಿ ಮಕ್ಕಳು. ಒಂದೇ ಒಂದು ಬಣ್ಣದ ಜೀನ್ ಕೆಟ್ಟಿದ್ರೆ ಮೈ ಕಪ್ಪಾಗೋ ಬದಲು ಹಳದಿ ಆಗುತ್ತೆ. ಆ ಬಣ್ಣದ ಜೀನ್ ನೋವಿನಲ್ಲೂ ಕೈ ಆಡಿಸುತ್ತಾ, ನೋವಿನ ಮದ್ದಿನಲ್ಲೂ ಆಡಿಸುತ್ತಾ — ಇದು ನನ್ನ ಪಿಎಚ್‌ಡಿ. ಬಾಲದ ತುದಿ ಬಿಸಿನೀರಲ್ಲಿ ಇಳಿಬಿಟ್ಟು, ಎಷ್ಟು ಹೊತ್ತಿಗೆ ಸರಕ್ಕನೆ ಎಳ್ಕೊಳ್ಳುತ್ತೆ ಅಂತ ನೋಡೋದು. ಆಮೇಲೆ ಮದ್ದು ಚುಚ್ಚಿ, ಕಾದು, ಮತ್ತೆ ನೋಡೋದು. ನಟರಾಜಣ್ಣ ಇದನ್ನ ಬೆಟ್ಟ ಅಗೆದು ಇಲಿ ಹಿಡಿಯೋ ಕೋರ್ಸ್ ಅಂತಾನೆ.

ಸಂಜೆ ಅವನದೇ ಫೋನ್. "ನಿಮ್ ದೊಡ್ಡಮ್ಮ ಮಾಡಿರೋ ಕೆಲ್ಸ ಗೊತ್ತಾ ನಿಂಗೆ?" ದೊಡ್ಡಮ್ಮ ಅಂದ್ರೆ ಅವನನ್ನ ಹೆತ್ತೋಳು. ಒಳ್ಳೆ ಕೆಲಸ ಮಾಡಿದಾಗ 'ನಮ್ಮವ್ವ', ತರಲೆ ಮಾಡಿದಾಗ 'ನಿಮ್ ದೊಡ್ಡಮ್ಮ'.

ಕಣ್ಣಿನ ಪೊರೆ ಆಪರೇಷನ್ ಕ್ಯಾಂಪು. ಸೋಸಲೆಯಿಂದ ಒಂದು ವ್ಯಾನ್ ತುಂಬ ಜನ. ದೊಡ್ಡಮ್ಮನೂ ಹತ್ತಿದ್ಲು. ಸುತ್ತೂರು ದಾಟೋವಾಗ ವಾಂತಿ ಬತ್ತದೆ ಅಂತ ವ್ಯಾನ್ ನಿಲ್ಲಿಸಿ, ಇಳಿದು, ಎದುರಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ಕೊಂಡು ಮನೆಗೆ ವಾಪಸ್. ಎದುರಿಗೆ ನಿಂತ ಮನುಷ್ಯನ ಮುಖ ಕಾಣಲ್ಲ. ಓಡಿಹೋಗೋಕೆ ಬಸ್ ಮಾತ್ರ ಕಾಣುತ್ತೆ.

ನಂಗೆ ಸಿಟ್ಟು ಬಂದಿದೆ. ಈ ಭಾನುವಾರ ಹಬ್ಬ, ಬೈಯೋದು ಬೇಡ. ಅದರ ಮುಂದಿನ ವಾರ ಹೋಗಿ ಸರಿಯಾಗಿ ಬೈದು ಬರ್ತೀನಿ.

ನವೆಂಬರ್ 19, ಭಾನುವಾರ. ಸೋಸಲೆ

ಬೈಯೋಕೆ ಆಗ್ಲಿಲ್ಲ. ಬಾಗಿಲಲ್ಲೇ ಕೂತಿದ್ಲು, ನನ್ನ ಹೆಜ್ಜೆ ಸದ್ದಿಗೇ "ಬಂದ್ಯಾ ಕೂಸೇ" ಅಂದ್ಲು. ಮುಗೀತು.

ಟೀ ಮಾಡಿ ಕೊಟ್ಲು. ಸಕ್ಕರೆ ಬದಲು ಉಪ್ಪು. ನಾನು ಏನೂ ಅನ್ನದೆ ಕುಡಿದೆ. ಅವಳೂ ಒಂದು ಗುಟುಕು ಕುಡಿದು ಉಗುಳಿದ್ಲು. "ಥೂ, ಇದ ಯೆಂಗೆ ಕುಡುದ್ಯೆ ನೀನು?" ಅಂತ ನನಗೇ ಬೈದ್ಲು.

ಎಡಗಣ್ಣು ಪೂರ್ತಿ ಹಾಲು. ಬಲಗಣ್ಣೂ ಅದೇ ದಾರಿ. ನಟರಾಜಣ್ಣ ಮ್ಯಾಚಿನ ಮುಂದೆ ಕೂತಿದ್ದ, ಓವರ್ ಮಧ್ಯೆ ಮಧ್ಯೆ ಬಂದು ಗದರಿಸಿ ಹೋಗ್ತಿದ್ದ. ಡಾಕ್ಟರ್ ಅವನಿಗೆ ಹೇಳಿದಾರೆ: ಹಣ್ಣಾಗಿರೋ ಪೊರೆ ಹಾಗೇ ಬಿಟ್ರೆ ಒಳಗೆ ಒತ್ತಡ ಏರುತ್ತೆ, ಆಮೇಲೆ ಆಪರೇಷನ್ ಮಾಡಿದ್ರೂ ಕಣ್ಣು ಬರಲ್ಲ. ಸಂಕ್ರಾಂತಿ ಆಚೆಗೆ ತಳ್ಳಬೇಡಿ ಅಂದಿದಾರೆ.

"ಕಣ್ಣೋದ್ರೆ ಓಗ್ಲಿ. ಇಷ್ಟ್ ದಿನ ನೋಡ್ದ ಮಕವೇ ಸಾಕು ನಂಗೆ," ಅಂದ್ಲು ದೊಡ್ಡಮ್ಮ.

ಅಷ್ಟೇ ಮಾತು. ಅಕ್ಕಿ ಆರಿಸ್ತಾ ಕೂತ್ಲು. ಬೆರಳಲ್ಲೇ ಕಲ್ಲು ಹುಡುಕ್ತಾಳೆ. ಮೂವತ್ತು ವರ್ಷ ರೇಷ್ಮೆ ರೀಲಿಂಗ್ ಮಾಡಿದ ಬೆರಳು. ಕುದಿಯೋ ನೀರಲ್ಲಿ ಗೂಡು, ಅದರೊಳಗೆ ಕೈ ಹಾಕಿ ಎಳೆ ಹುಡುಕೋದು. ಜೊತೆಯವರು ಪಕ್ಕದಲ್ಲಿ ತಣ್ಣೀರಿಟ್ಕೊಂಡು ಅದ್ದಿ ಅದ್ದಿ ತೆಗೀತಿದ್ರಂತೆ. ಇವಳಿಗೆ ತಣ್ಣೀರು ಬೇಕಿರಲಿಲ್ಲ. ಕೆಂಚಿ ಕೈಗೆ ನೋವೇ ಇಲ್ಲ ಅಂತ ಊರಲ್ಲೆಲ್ಲ ಹೆಸರು. ಅಂಥವಳು ಒಂದು ಸೂಜಿಗೆ ಹೆದರಿ ಓಡಿಬಂದ್ಲು ಅಂದ್ರೆ ಯಾರು ತಾನೇ ನಗಲ್ಲ. ನಾನೂ ನಕ್ಕೆ.

ಮ್ಯಾಚ್ ಸೋತ್ರು. ನಟರಾಜಣ್ಣ ಊಟ ಬಿಟ್ಟು ಮಲಗಿದ.

ನವೆಂಬರ್ 20, ಸೋಮವಾರ. ಬಸ್ಸಲ್ಲಿ

ಅಕ್ಷರ ಕುಣೀತಿವೆ. ಪರವಾಗಿಲ್ಲ. ಈಗಲೇ ಬರೀಬೇಕು.

ಬೆಳಿಗ್ಗೆ ತಲೆಗೆ ಎಣ್ಣೆ ಹಚ್ತಿದ್ದೆ. ಅವಳ ಕೂದಲು ಜೋಳದ ತೆನೆ ಕೂದಲಿನ ಬಣ್ಣ. ಈಗ ಮಧ್ಯೆ ಮಧ್ಯೆ ಬಿಳಿ. ಬೆಕ್ಕಿನ ಕಣ್ಣು, ಕೆನ್ನೆ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕಿ. ಹೆಸರು ಜವರಮ್ಮ. ಊರಲ್ಲಿ ಜವರಮ್ಮನ ಮನೆ ಅಂದ್ರೆ ಯಾರಿಗೂ ಗೊತ್ತಾಗಲ್ಲ, ಕೆಂಚಿ ಮನೆ ಅಂದ್ರೆ ನಾಯಿನೂ ದಾರಿ ತೋರಿಸುತ್ತೆ. ಹೈಸ್ಕೂಲ್ ಓದೋವಾಗ ಆ ಮನೇಲೇ ಇದ್ದೆ. ಅಮ್ಮ ನಂಜನಗೂಡಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಿದ್ಲು, ಇವಳು ನನ್ನ ಜಡೆ ಹೆಣೀತಿದ್ಲು. ಈಗ ನಾನು ಹೆಣೀತೀನಿ.

"ಸೂಜಿಗೆ ಯಾಕೆ ಅಷ್ಟು ಭಯ ದೊಡ್ಡಮ್ಮ?" ಅಂದೆ. ತಮಾಷೆಗೇ ಅಂದಿದ್ದು.

ಅವಳು ತಮಾಷೆ ಮಾಡ್ಲಿಲ್ಲ.

ಎರಡು ಮಕ್ಕಳಾದ್ಮೇಲೆ ಫ್ಯಾಮಿಲಿ ಪ್ಲಾನಿಂಗ್ ಕ್ಯಾಂಪಿಗೆ ಹೋಗಿದ್ಲಂತೆ. ಯಾವುದೋ ಸ್ಕೂಲ್ ಕಟ್ಟಡ, ಎಲ್ಲಿ ಅಂತಲೂ ನೆನಪಿಲ್ಲ ಅವಳಿಗೆ. "ಸಾಲಾಗಿ ಮಲಗ್ಸಿದ್ರು ಕಣವ್ವ. ಒಟ್ಟೆ ಮೇಲೆ ಸೂಜಿ ಚುಚ್ಚಿದ್ರು. ಪಕ್ಕದೋಳಿಗೆ ಮರಗಟ್ತು. ನಂಗಿಲ್ಲ. ಮರಗಟ್ಟಿಲ್ಲ ಸಾ ಅಂದೆ. ಕೇಳ್ಲಿಲ್ಲ. ಕುಯ್ದೇಬುಟ್ರು."

ಎಣ್ಣೆ ಬಟ್ಟಲು ಕೆಳಗಿಟ್ಟೆ.

"ಕಿರುಚ್ದೆ. ಕೈ ಇಡ್ಕಂಡಿದ್ಲಲ್ಲ, ಅವ್ಳು ಅಂದ್ಲು — ಮಕ್ಕಳ ಎರುವಾಗ ಇಲ್ದಿದ್ ನೋವು ಈಗ ಬಂದ್ಬುಡ್ತಾ ಅಂತ. ನಾಟ್ಕ ಆಡ್ಬ್ಯಾಡ ಅಂದ್ಲು. ಮನೇಲಿ ಯೋಳುದ್ರೆ ನಿಮ್ ದೊಡ್ಡಪ್ಪನೂ ನಕ್ತು. ಕುದ್ಯೋ ನೀರ್ಗೆ ಕೈ ಆಕೋಳ್ಗೆ ಸೂಜಿ ನೋವಾ ಅಂತ." ಆಮೇಲೆ, "ನೋವು ಓಯ್ತು ಕೂಸೇ. ಆ ಮಾತು ಓಗ್ಲಿಲ್ಲ," ಅಂದ್ಲು.

ಜಡೆ ಹೇಗೋ ಹೆಣೆದೆ. ಸೊಟ್ಟ.

ನೋವಿನ ಮೇಲೇ ಪಿಎಚ್‌ಡಿ ಮಾಡ್ತಿರೋಳು ನಾನು. ಇಷ್ಟು ವರ್ಷ ಅವಳ ಮಡಿಲಲ್ಲಿ ಮಲಗಿ ಇದೊಂದು ಕೇಳಿಲ್ಲ. ಅವಳಿಗೆ ಕತ್ತರಿ ಕಂಡ್ರೆ ಭಯ ಇಲ್ಲ. ಮರಗಟ್ಟಿಲ್ಲ ಅಂತ ಹೇಳಿದ್ಮೇಲೂ ಕುಯ್ಯೋರು ಇದಾರಲ್ಲ, ಅವರು ಅಂದ್ರೆ ಭಯ.

ಸುತ್ತೂರು ಬಂತು. ಇಲ್ಲೇ ಎಲ್ಲೋ ಇಳಿದು ಓಡಿದ್ದಾಳೆ.

ನವೆಂಬರ್ 23, ಗುರುವಾರ

ಮೂರು ದಿನದಿಂದ ಓದಿದ್ದೇ ಓದಿದ್ದು. ಇಪ್ಪತ್ತು ವರ್ಷದ ಹಿಂದೆಯೇ ಹೊರದೇಶದವರು ಇದೇ ಜೀನ್ ನೋಡಿದಾರೆ. ಒಂದು ಜಾತಿ ನೋವಿನ ಮದ್ದು ಹೆಣ್ಣಿಲಿಯಲ್ಲಿ ಕೆಲಸ ಮಾಡೋ ದಾರಿಯೇ ಬೇರೆ, ಆ ದಾರಿ ಕಾಯೋದು ಈ ಬಣ್ಣದ ಜೀನು. ಗಂಡಿಲಿಗೆ ಆ ತಂಟೆಯೇ ಇಲ್ಲ. ಕೆಂಪು ಕೂದಲಿನ ಹೆಂಗಸರನ್ನೂ ಕೂರಿಸಿ ನೋಡಿದಾರೆ — ಅವರೂ ಬೇರೆ. ಮರಗಟ್ಟೋ ಇಂಜೆಕ್ಷನ್ ಅಂಥವರಿಗೆ ಸರಿಯಾಗಿ ಹಿಡಿಯಲ್ಲ ಅಂತ ಇನ್ಯಾರೋ ಬರೆದಿದಾರೆ.

ಅಷ್ಟೆಲ್ಲ ಇದ್ದೂ ನಮ್ಮ ಪ್ರಾಜೆಕ್ಟಲ್ಲಿ ಬರೀ ಗಂಡು. ಹೆಣ್ಣು ಮರಿ ಬೆಳೆದ್ರೆ ಬ್ರೀಡಿಂಗ್‌ಗೆ. ಮಿಕ್ಕಿದ್ದು... ಬೇಡ, ಬರೆಯಲ್ಲ.

ಮುರಳೀಧರ ಸರ್ ಹತ್ರ ಹೋದೆ. ನನ್ನ ಗೈಡು. ಒಳ್ಳೆಯ ಮನುಷ್ಯ. ಇಲಿ ಎತ್ತುವಾಗ "ಬಾರಪ್ಪ, ಬಾ" ಅಂತ ಕರೀತಾರೆ, ಮದುವೆ ಮನೆಗೆ ಬಂದ ನೆಂಟರನ್ನ ಕರೆದ ಹಾಗೆ.

"ಸರ್, ಹೆಣ್ಣಿಲಿನೂ ತಗೊಳ್ಳೋಣ."

"ಡೇಟಾ ಚೆದುರುತ್ತೆ ಕಣಮ್ಮ. ನಾಲ್ಕೈದು ದಿನಕ್ಕೊಂದು ಸಲ ಹಾರ್ಮೋನ್ ಏರಿಳಿತ. ಥೀಸಿಸ್ ಮುಗಿಯೋದು ಬೇಡ್ವಾ ನಿನಗೆ?"

"ಚೆದುರೋದೇ ಉತ್ತರ ಆಗಿದ್ರೆ ಸರ್?"

ಕನ್ನಡಕ ತೆಗೆದು ಒರೆಸಿದ್ರು. "ಏನಾಯ್ತು ರಂಜಿನಿ, ಇದ್ದಕ್ಕಿದ್ದ ಹಾಗೆ?"

ದೊಡ್ಡಮ್ಮನ ವಿಷಯ ಹೇಳಲಿಲ್ಲ. ಹೇಳಿದ್ರೆ ಅಳು ಬರ್ತಿತ್ತು, ಅತ್ರೆ ಹಾರ್ಮೋನ್ ಅಂತಿದ್ರೇನೋ. ಪಾಪ, ಅನ್ನೋರಲ್ಲ. ಆದ್ರೂ.

ಡಿಸೆಂಬರ್ 7, ಗುರುವಾರ

ಸರ್ ಒಪ್ಪಿದ್ರು. ಎರಡು ವಾರ ಬೆನ್ನು ಬಿಡದೆ ಕಾಡಿದ ಫಲ. ಎಥಿಕ್ಸ್ ಕಮಿಟಿ ಗಂಡು ಹೆಣ್ಣು ಎರಡಕ್ಕೂ ಅನುಮತಿ ಕೊಟ್ಟಿತ್ತು, ನಾವೇ ಬೇಡ ಅಂದ್ಕೊಂಡಿದ್ದು. ಚಿಕ್ಕ ಗುಂಪು, ಬರೀ ಪೈಲಟ್ ಪ್ರಯೋಗ, ಇದರ ಮೇಲೆ ಆಸೆ ಇಟ್ಕೋಬೇಡ ಅಂದಿದಾರೆ.

ಮೊದಲನೇ ಹಳದಿ ಹೆಣ್ಣನ್ನ ಅವರೇ ಎತ್ಕೊಟ್ರು. "ಬಾರಪ್ಪ" ಅಂದು, ನಾಲಿಗೆ ಕಚ್ಕೊಂಡು, "ಬಾರಮ್ಮ" ಅಂದ್ರು.

ನಂಗೆ ಇಡೀ ದಿನ ನಗು.

ಡಿಸೆಂಬರ್ 14, ಗುರುವಾರ

ದೊಡ್ಡಮ್ಮ ನಾಲೆ ಏರಿ ಮೇಲೆ ಜಾರಿದ್ಲಂತೆ. ಹುಚ್ಚಯ್ಯ ತಾತ ಎಮ್ಮೆ ಹೊಡ್ಕೊಂಡು ಬರ್ತಿದ್ದೋನು ಸೆರಗು ಹಿಡಿದು ಎಳ್ಕೊಂಡಿದಾನೆ. ಇಲ್ಲದಿದ್ರೆ ನೀರಿಗೆ.

ಫೋನ್ ಮಾಡಿದ್ರೆ, "ಏನೂ ಆಗಿಲ್ಲ ಕಣೆ. ಹುಚ್ಚಯ್ಯನ್ ದೆಸೆಯಿಂದ ಸೀರೆ ಅರಿದೋಯ್ತು," ಅಂತ ಅವನನ್ನೇ ಬೈದ್ಲು. ಬಲಗಣ್ಣೂ ಮಂಜಾಗಿದೆ ಅಂತ ಒಪ್ಕೊಳ್ಳಲ್ಲ. ನಟರಾಜಣ್ಣ ಮಾತಾಡೋವಾಗ ಅಳ್ತಿದ್ದ. ಅವನು ಅಳೋದು ನಾನು ಕೇಳಿರಲಿಲ್ಲ. "ಎತ್ತಾಕ್ಕೊಂಡ್ ಓಗ್ಬುಡ್ಲಾ?" ಅಂದ. ಬೇಡ ಅಂದೆ. ಕೈ ಹಿಡಿದು ಮಲಗಿಸಿದೋರನ್ನ ಒಂದ್ಸಲ ನೋಡಿದಾಳೆ, ಸಾಕು.

ಸಂಕ್ರಾಂತಿಗೆ ಇನ್ನೊಂದೇ ತಿಂಗಳು.

ಡಿಸೆಂಬರ್ 28, ಗುರುವಾರ

ಬಂತು.

ಗಂಡುಗಳಲ್ಲಿ ಹಳದಿ ಕಪ್ಪು ಎರಡೂ ಒಂದೇ ಥರ. ಹೆಣ್ಣುಗಳಲ್ಲಿ ಅಲ್ಲ. ಅದೇ ಮದ್ದು, ಅದೇ ನೀರು, ಅದೇ ನನ್ನ ಕೈ. ಹಳದಿ ಹೆಣ್ಣುಗಳು ಕಪ್ಪು ಅಕ್ಕತಂಗಿಯರ ದಾರಿ ಬಿಟ್ಟು ಬೇರೆಯೇ ಹೋದ್ವು. ಗ್ರಾಫ್ ಹಾಕಿ ನೋಡಿದೆ. ತೆಗೆದು ಮತ್ತೆ ಹಾಕಿದೆ. ಅದೇ.

ಸರ್ ತುಂಬಾ ಹೊತ್ತು ನೋಡಿದ್ರು. "ಗುಂಪು ಚಿಕ್ಕದು. ಮತ್ತೆ ಮಾಡಬೇಕು. ಆದ್ರೆ... ಚೆನ್ನಾಗಿದೆ ಕಣಮ್ಮ." ಅವರ ಬಾಯಲ್ಲಿ ಇದು ದೊಡ್ಡ ಮಾತು.

ಆಗ ದೊಡ್ಡಮ್ಮನ ಕಥೆ ಹೇಳಿದೆ. ಕೆಂಚು ಕೂದಲು, ಬೆಕ್ಕಿನ ಕಣ್ಣು, ಕುದಿನೀರು, ಹಿಡಿಯದ ಸೂಜಿ, ಎಲ್ಲಾ. ಉಸಿರು ಬಿಡದೆ ಹೇಳಿದೆ. "ನೋಡಿ ಸರ್, ಅವಳು ಹೇಳಿದ್ದು ನಿಜ."

"ಇಲಿ ನಿಮ್ಮ ದೊಡ್ಡಮ್ಮ ಅಲ್ಲ. ಅವರಿಗೆ ಇದೇ ಜೀನ್ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಮದ್ದೂ ಬೇರೆ."

"ಗೊತ್ತು ಸರ್."

"ಅವರು ಮರಗಟ್ಟಿಲ್ಲ ಅಂದಿದ್ದನ್ನ ನಂಬೋಕೆ ನಿನಗೆ ಇಲಿ ಯಾಕೆ ಬೇಕಾಯ್ತು?"

ಸಿಟ್ಟು ಮಾಡ್ಕೊಂಡು ಆಚೆ ಬಂದೆ. ಸಿಟ್ಟು ಅವರ ಮೇಲಲ್ಲ. ಆಮೇಲೆ ಅವರೇ ಒಂದು ಪುಟ್ಟ ಕಿತ್ತಳೆ ಸುಲಿದು ನನ್ನ ಟೇಬಲ್ ಮೇಲಿಟ್ಟು ಹೋದ್ರು.

ಡಿಸೆಂಬರ್ 31, ಭಾನುವಾರ. ಸೋಸಲೆ

ಅವರೆಕಾಯಿ ರಾಶಿ ಹಾಕ್ಕೊಂಡು ಕೂತಿದ್ವಿ, ನಾನೂ ದೊಡ್ಡಮ್ಮನೂ. ಗೋಡೆ ಮೇಲೆ ಬಾಬಾಸಾಹೇಬರು, ಬುದ್ಧ. ನಟರಾಜಣ್ಣನ ಗೂಡ್ಸ್ ಆಟೋ ಬಾಡಿಗೆಗೆ ಹೋಗಿತ್ತು. ಮನೆ ತಣ್ಣಗಿತ್ತು.

ನಾನು ಬಿಡಿಸ್ತಿದ್ದ ಕಾಯಲ್ಲಿ ಹುಳ. ಅವಳದ್ದರಲ್ಲಿ ಒಂದೂ ಇಲ್ಲ. ಬೆರಳಿಗೇ ಗೊತ್ತಾಗುತ್ತಂತೆ.

ಹಳದಿ ಇಲಿ ಕಥೆ ಹೇಳಿದೆ. ಇಲೀಲೂ ಕೆಂಚಿ ಇದಾಳೆ, ಅವಳಿಗೂ ಮದ್ದು ಬೇರೆ ಥರ ಹಿಡಿಯುತ್ತೆ ಅಂತ. ಖುಷಿಪಡ್ತಾಳೆ ಅಂದ್ಕೊಂಡೆ.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ," ಅಂದ್ಲು. ನಾನು ಬೆಕ್ಕು. ಆಮೇಲೆ, "ಬಿಸ್ನೀರ್ಗೆ ಬಾಲ ಬುಡ್ತೀಯಲ್ಲ, ಅದು ಎಳ್ಕಳ್ದೇ ಓದ್ರೆ? ಬೇಯೋಗಂಟ ನೋಡ್ತಾ ನಿಂತ್ಕತೀಯಾ?"

"ಇಲ್ಲ ದೊಡ್ಡಮ್ಮ. ಇಷ್ಟೇ ಹೊತ್ತು ಅಂತ ಇದೆ. ಅಷ್ಟಾದ್ರೆ ನಾವೇ ತೆಗೀಬೇಕು. ಕಟ್-ಆಫ್ ಅಂತೀವಿ. ಕಾನೂನು ಅದು."

"ಸೂಜಿ ಚುಚ್ಚುದ್ಮೇಲೆ?"

"ಕಾಯ್ತೀವಿ. ಮದ್ದು ಹಿಡೀತಾ ಇಲ್ವಾ ಅಂತ ನೋಡ್ತೀವಿ."

"ಬಾಲ ಎಳ್ಕಂಡ್ರೆ?"

"ಅಲ್ಲಿಗೆ ನಿಲ್ಲಿಸ್ತೀವಿ."

ಅವಳ ಕೈ ನಿಂತು ಹೋಯ್ತು. ಕಾಣದ ಕಣ್ಣನ್ನ ನನ್ನ ಕಡೆ ತಿರುಗಿಸಿ ಕೂತ್ಲು.

"ಇಲೀಗೆ," ಅಂದ್ಲು.

"ಹೂಂ."

"ಯಾರ್ ಮಾಡುದ್ರು ಈ ಕಾನೂನ?"

"ಸರ್ಕಾರ."

ಮತ್ತೆ ಕಾಯಿ ಬಿಡಿಸೋಕೆ ಶುರು ಮಾಡಿದ್ಲು. "ಒಳ್ಳೇದಾಯ್ತು ಬುಡು. ಪಾಪ, ಅವ್ಕೂ ಜೀವ ಅಲ್ವಾ," ಅಂದ್ಲು. ಒಂಚೂರೂ ಕುಹಕ ಇಲ್ಲ. ನಿಜವಾಗಲೂ ಇಲಿಗೆ ಒಳ್ಳೇದಾಯ್ತು ಅಂತ ಸಮಾಧಾನ ಅವಳಿಗೆ. ನಾನು ಎದ್ದು ನೀರು ಕುಡಿಯೋ ನೆಪದಲ್ಲಿ ಅಡುಗೆಮನೆಗೆ ಹೋದೆ. ಅತ್ತು, ಮುಖ ತೊಳ್ಕೊಂಡು ಬಂದೆ.

ರಾಶಿ ಮುಗಿಯೋ ಹೊತ್ತಿಗೆ ಅಂದ್ಲು — "ಆ ಕಾನೂನ ನಂಗೂ ಆಕ್ಸು ಕೂಸೇ. ಆಕ್ಸುದ್ರೆ ಬತ್ತೀನಿ."

ಜನವರಿ 4, ಗುರುವಾರ

ನಂಜನಗೂಡಿನ ಕಣ್ಣಿನ ಕ್ಲಿನಿಕ್. ಡಾಕ್ಟರ್ ಮಾನ್ಯಾ. ನನಗಿಂತ ನಾಲ್ಕೈದು ವರ್ಷ ದೊಡ್ಡೋರು ಇರಬಹುದು, ಮಾತು ಮಾತ್ರ ಹೆಡ್‌ಮಿಸ್ಟ್ರೆಸ್ಸು.

ನಾನು ಪೇಪರ್‌ಗಳ ಕಟ್ಟು ತೆಗೆದೆ. ಜೀನು, ಹೆಣ್ಣಿಲಿ, ಕೆಂಪು ಕೂದಲು ಅಂತ ಶುರು ಮಾಡಿದೆ. ಅವರು ಕೈ ಎತ್ತಿದ್ರು.

"ಅದನ್ನ ಒಳಗಿಡಿ. ಪೇಶಂಟ್ ಯಾರು, ನೀವಾ? ಅಮ್ಮಾ, ನೀವು ಹೇಳಿ."

ದೊಡ್ಡಮ್ಮ ಹೇಳಿದ್ಲು. ಕ್ಯಾಂಪಿನ ಕಥೆ ಎಲ್ಲಾ. ಡಾಕ್ಟರು ಒಂದು ಸಲವೂ ವಾಚ್ ನೋಡಲಿಲ್ಲ. ಕೊನೆಗೆ ದೊಡ್ಡಮ್ಮ, "ತಾಯಿ, ಇಲೀಗೆ ಒಂದ್ ಕಾನೂನ್ ಅದಂತೆ. ಸೂಜಿ ಇಡೀತಾ ಅಂತ ನೋಡಿ ಆಮೇಲೆ ಮಾಡ್ತಾರಂತೆ. ಬಾಲ ಎಳ್ಕಂಡ್ರೆ ನಿಲ್ಲಿಸ್ತಾರಂತೆ. ನಂಗೂ ಅದ್ನೇ ಆಕಿ," ಅಂದ್ಲು.

ಡಾಕ್ಟರು ನನ್ನ ಮುಖ ನೋಡಿದ್ರು. ನಾನು ನೆಲ ನೋಡಿದೆ.

ಪೊರೆ ತುಂಬಾ ಗಟ್ಟಿಯಾಗಿದೆಯಂತೆ. ಬರೀ ಡ್ರಾಪ್ಸ್ ಹಾಕಿ ಮಾಡೋಕಾಗಲ್ಲ, ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡಲೇಬೇಕು. "ಕೊಟ್ಟು ಕಾಯ್ತೀನಿ. ಮುಟ್ಟಿ ನೋಡ್ತೀನಿ. ಹಿಡಿದಿಲ್ಲ ಅಂದ್ರೆ ಇನ್ನೊಂದು ಕೊಡ್ತೀನಿ. ನೀವು ಹೂಂ ಅನ್ನೋವರೆಗೂ ಶುರು ಮಾಡಲ್ಲ. ಆದ್ರೆ ಶುರು ಆದ್ಮೇಲೆ ತಲೆ ಅಲ್ಲಾಡಿಸಬಾರದು, ಮಾತಾಡಬಾರದು. ಕೈ ಬಟ್ಟೆ ಒಳಗಿರುತ್ತೆ."

"ಬಾಲ ಇಲ್ವಲ್ಲ ತಾಯಿ ನಂಗೆ," ಅಂದ್ಲು ದೊಡ್ಡಮ್ಮ.

ಡಾಕ್ಟರು ಮೊದಲನೇ ಸಲ ನಕ್ಕರು. "ಕಾಲಿನ ಹೆಬ್ಬೆರಳು ಇದೆಯಲ್ಲ. ನೋವಾದ್ರೆ ಎತ್ತಿ. ಎತ್ತಿದ್ರೆ ನಿಲ್ಲಿಸ್ತೀನಿ."

"ದಿಟ?"

"ದಿಟ. ಇವರೂ ಒಳಗೆ ಬಂದು ನಿಮ್ಮ ಕಾಲ ಹತ್ರ ನಿಂತಿರಲಿ. ಬಾಯಿ ಮುಚ್ಕೊಂಡು." ಕೊನೇದು ನನಗೆ.

ಹದಿನೆಂಟನೇ ತಾರೀಕು. ಸಂಕ್ರಾಂತಿ ದಾಟಿ ಮೂರು ದಿನ, ಅಷ್ಟಕ್ಕೆ ಏನೂ ಆಗಲ್ಲ ಅಂದ್ರು.

ಜನವರಿ 16, ಮಂಗಳವಾರ

ದೊಡ್ಡಮ್ಮ ನಮ್ಮ ಮನೇಲಿದಾಳೆ. ಅಮ್ಮ ರಜ ಹಾಕಿದಾಳೆ. ಅಕ್ಕ ತಂಗಿ ಸೇರಿದ್ರೆ ನನಗೆ ಮನೇಲಿ ಜಾಗ ಇಲ್ಲ.

ಹೆಬ್ಬೆರಳು ಪ್ರಾಕ್ಟೀಸ್ ನಡೀತಿದೆ. ಕಂಬಳಿ ಹೊದ್ಕೊಂಡು ಮಲಗಿ, ತಲೆ ಅಲ್ಲಾಡಿಸದೆ, ಬಲಗಾಲಿನ ಹೆಬ್ಬೆರಳು ಮಾತ್ರ ಎತ್ತೋದು. ಮೊದಲು ಐದೂ ಬೆರಳು ಒಟ್ಟಿಗೆ ಏಳ್ತಿದ್ವು. ಈಗ ಒಂಟಿ ಬೆರಳು ಹ್ಯಾಗೆ ಎತ್ತುತಾಳೆ ಅಂದ್ರೆ, ಎಲೆಕ್ಷನ್‌ಗೆ ನಿಂತೋರು ಹೆಬ್ಬೆರಳು ತೋರಿಸೋ ಥರ.

ಆದ್ರೆ ಚಟ ಹಿಡಿದಿದೆ. ಟೀ ಬೇಕು ಅಂದ್ರೆ ಬೆರಳು. ಸೀರಿಯಲ್ ಸೌಂಡ್ ಕಮ್ಮಿ ಮಾಡು ಅನ್ನೋಕೆ ಬೆರಳು. ಅಮ್ಮ ಹಳೇ ನಾದಿನಿ ಕಥೆ ತೆಗೆದ್ಲು, ಬೆರಳು. ಅಮ್ಮ ನಿಲ್ಲಿಸಲೇಬೇಕಾಯ್ತು. "ಏನೇ ಇದು, ಆಪ್ರೇಸನ್‌ಗೆ ಮುಂಚೆನೇ ರೂಲ್ ಜಾರೀಗೆ ಬಂದ್ಬುಡ್ತಾ?" ಅಂತ ಅಮ್ಮ.

ನಗ್ತಾನೇ ಇದಾಳೆ. ಆದ್ರೆ ಎಳ್ಳುಬೆಲ್ಲ ಕೊಟ್ರೆ ಬಾಯಿಗೆ ಹಾಕ್ಕೊಳ್ದೆ ಕೈಯಲ್ಲೇ ಹಿಡ್ಕೊಂಡಿದ್ಲು, ಬೆಲ್ಲ ಕರಗೋವರೆಗೂ.

ಜನವರಿ 18, ಗುರುವಾರ. ಸಂಜೆ

ಬರೀಬೇಕು.

ಗೌನ್, ಟೋಪಿ, ಮಾಸ್ಕ್ ಹಾಕಿ ಕಾಲ ಹತ್ರ ನಿಂತೆ. ದೊಡ್ಡಮ್ಮನ ಮೈಯೆಲ್ಲ ಹಸಿರು ಬಟ್ಟೆ. ಆಚೆ ಕಾಣೋದು ಒಂದು ಕಣ್ಣು, ಎರಡು ಪಾದ. ಪಾದದಲ್ಲಿ ಬಿರುಕು, ದೊಡ್ಡಪ್ಪ ಹೋದ್ಮೇಲೆ ಕಾಲುಂಗುರ ಇಲ್ಲದ ಬೆರಳು. ಅದರ ಗೆರೆ ಇನ್ನೂ ಇದೆ.

ಇಂಜೆಕ್ಷನ್ ಕೊಟ್ರು. ಕಾದ್ರು. ಡಾಕ್ಟರು ಏನೋ ಮುಟ್ಟಿಸಿ, "ಗೊತ್ತಾಗುತ್ತಾ ಅಮ್ಮ?" ಅಂದ್ರು.

ಹೆಬ್ಬೆರಳು ಎದ್ದೇಬಿಡ್ತು.

ಪಕ್ಕದ ಸಿಸ್ಟರ್, "ಮೇಡಂ, ಇಷ್ಟೊತ್ತಿಗೆ ಹಿಡಿದಿರ್ಬೇಕು..." ಅಂದ್ರು. ಈ ಮಾತು. ಇದೇ ಮಾತಿಗೆ ನಾನು ಹೆದರ್ತಿದ್ದಿದ್ದು.

ಡಾಕ್ಟರು ತಲೆ ಎತ್ತಲಿಲ್ಲ. "ಹಿಡಿದಿಲ್ಲ ಅಂತಿದಾರಲ್ಲ. ಇನ್ನೊಂದು ಕೊಡಿ." ಕೊಟ್ರು. ಮತ್ತೆ ಕಾದ್ರು. ಆಚೆ ಇನ್ನೂ ಪೇಶಂಟ್‌ಗಳು ಕೂತಿದ್ರು. ಡಾಕ್ಟರು ಸ್ಟೂಲ್ ಮೇಲೆ ಕೂತು, ಸೋಸಲೇಲಿ ಈ ಸಲ ಭತ್ತ ಹೇಗೆ ಅಂತ ಕೇಳಿದ್ರು. ಮಾತಾಡಬಾರದು ಅಂದೋರು ಅವರೇ. ಮತ್ತೆ ಮುಟ್ಟಿ ನೋಡಿದ್ರು. ಬೆರಳು ಏಳಲಿಲ್ಲ. "ಶುರು ಮಾಡ್ಲಾ?"

"ಊಂ ತಾಯಿ."

ಶುರುವಾಯ್ತು. ನಾನು ಬೆರಳು ಬಿಟ್ಟು ಬೇರೆ ಏನೂ ನೋಡಲಿಲ್ಲ. ಇಷ್ಟು ವರ್ಷ ಇಲಿ ಬಾಲ ನೋಡಿದೀನಿ, ಹೀಗೆ ಉಸಿರು ಹಿಡಿದು ಯಾವತ್ತೂ ನೋಡಿಲ್ಲ.

ಅರ್ಧ ಆಗಿತ್ತೇನೋ. ಬೆರಳು ಎದ್ದು ನಿಂತಿತು. ನೆಟ್ಟಗೆ.

"ಡಾಕ್ಟ್ರೇ" ಅಂದೆ. ದನಿ ಕೀರಲು.

ಡಾಕ್ಟರು ಅಲ್ಲೇ ನಿಲ್ಲಿಸಿದ್ರು. ಕೈ ಹಿಂದಕ್ಕೆ ತಗೊಂಡ್ರು. "ಎಲ್ಲಿ ನೋವು ಅಮ್ಮ? ತಲೆ ಅಲ್ಲಾಡಿಸ್ಬೇಡಿ, ಮೆತ್ತಗೆ ಹೇಳಿ."

ಬಟ್ಟೆ ಒಳಗಿಂದ ದೊಡ್ಡಮ್ಮನ ದನಿ. ಸಣ್ಣಗೆ.

"ನೋವಿಲ್ಲ ತಾಯಿ. ನಿಲ್ಲಿಸ್ತೀರೋ ಇಲ್ವೋ ಅಂತ ನೋಡ್ದೆ."

ಸಿಸ್ಟರ್ ಮುಖ ಆಚೆ ತಿರುಗಿಸಿದ್ರು. ಡಾಕ್ಟರ ಮಾಸ್ಕ್ ಮೇಲಿನ ಕಣ್ಣು ಮಾತ್ರ ಕಾಣ್ತಿತ್ತು. ಬೈತಾರೆ ಅಂದ್ಕೊಂಡೆ.

"ನಿಲ್ಲಿಸಿದೀನಿ ಅಮ್ಮ," ಅಂದ್ರು. "ಮತ್ತೆ ಶುರು ಮಾಡ್ಲಾ?"

"ಮಾಡಿ. ಇನ್ ಎತ್ತಲ್ಲ."

ಎತ್ತಲಿಲ್ಲ. ಮುಗಿಯೋವರೆಗೂ ಆ ಬೆರಳು ಮಗು ನಿದ್ದೆ ಮಾಡಿದ ಹಾಗೆ ಮಲಗಿತ್ತು. ನಾನು ಅದನ್ನ ಹಿಡ್ಕೋಬಾರದು ಅಂತ ಕೈ ಹಿಂದೆ ಕಟ್ಕೊಂಡಿದ್ದೆ. ಮುಗಿದ ಮೇಲೆ ಹಿಡ್ಕೊಂಡೆ. ತಣ್ಣಗಿತ್ತು.

ಆಚೆ ವಾರ್ಡಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ನನ್ನ ಕಿವಿ ಹತ್ರ ಎಳ್ಕೊಂಡು ಅಂದ್ಲು, "ನಿಲ್ಲಿಸ್ಬುಟ್ರು ಕಣೆ." ಇನ್ನೊಂದ್ಸಲ, "ನಿಲ್ಲಿಸ್ಬುಟ್ರು." ಅಳಬೇಡ, ಕಣ್ಣಿಗೆ ಒಳ್ಳೇದಲ್ಲ ಅಂತ ನಾನು. ಒಂದು ಕಣ್ಣಲ್ಲಿ ಅಳ್ತೀನಿ ಬುಡು ಅಂತ ಅವಳು.

ಮುರಳೀಧರ ಸರ್ ಫೋನ್ ಮಾಡಿದ್ರು. ಎಲ್ಲಾ ಹೇಳಿದೆ. "ನಾಳೆ ಬರೋದು ಬೇಡ. ನಿನ್ನ ಹೆಣ್ಣುಮಕ್ಕಳನ್ನ ನಾನು ನೋಡ್ಕೋತೀನಿ," ಅಂದ್ರು. ಇಲಿಗಳಿಗೆ ಹೇಳಿದ್ದು.

ಜನವರಿ 19, ಶುಕ್ರವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದ್ರು. ಡಾಕ್ಟರು ಬೆರಳು ತೋರಿಸಿ ಎಷ್ಟು ಅಂದ್ರೆ, ಬೆರಳು ಬಿಟ್ಟು ಅವರ ಮುಖ ನೋಡಿ "ಇಷ್ಟ್ ಚಿಕ್ಕೋಳಾ ನೀನು?" ಅಂದ್ಲು. ಆಮೇಲೆ ನನ್ನ ನೋಡಿದ್ಲು. ನೋಡೇ ನೋಡಿದ್ಲು. "ಎಷ್ಟ್ ಕರ್ರಗಾಗಿದ್ದೀಯೆ. ಬಿಸ್ಲಲ್ಲಿ ಅಲೀತೀಯಾ? ಸೊರಗಿದ್ದೀಯ ಬ್ಯಾರೆ." ನನಗೆ ಇದಕ್ಕಿಂತ ಒಳ್ಳೆ ರಿಸಲ್ಟ್ ಯಾವ ಲ್ಯಾಬಲ್ಲೂ ಬಂದಿಲ್ಲ.

ಮನೆಗೆ ಬಂದು ಕನ್ನಡಿ ಕೇಳಿದ್ಲು. ಜಡೆ ಮುಂದಕ್ಕೆ ಹಾಕ್ಕೊಂಡು, "ಅಲಲಾ, ಕೆಂಚಿ ಅರ್ಧ ಬೆಳ್ಳಗಾಗವ್ಳೆ," ಅಂತ ತನ್ನಷ್ಟಕ್ಕೆ ನಕ್ಕಳು. ಕಪ್ಪು ಕನ್ನಡಕ ಹಾಕ್ಕೊಂಡು ಸಿನಿಮಾ ಹೀರೋ ಥರ ಮಂಚದ ಮೇಲೆ ಕೂತಿದಾಳೆ. ಇನ್ನೊಂದು ಕಣ್ಣು ಮುಂದಿನ ತಿಂಗಳು. ತಾನೇ ತಾರೀಕು ಕೇಳ್ಕೊಂಡು ಬಂದಿದಾಳೆ. "ಆವಾಗ ನೀನ್ ಬರ್ಬ್ಯಾಡ. ಇಲಿ ನೋಡ್ಕ ಓಗು. ನಾನೂ ಆ ಯಮ್ಮನೂ ಮಾಡ್ಕತೀವಿ," ಅಂದ್ಲು.

ಅಮ್ಮ ಮುದ್ದೆ ಬಡಿಸಿ ಕರೀತಿದಾಳೆ. ಬಂದೆ ಅಂದೆ. ಎರಡು ಸಲ ಅಂದೆ. ಇದೊಂದು ಬರೆದು ಹೋಗೋಣ ಅಂತ... ದೊಡ್ಡಮ್ಮ ಮಂಚದ ಮೇಲಿಂದ ನನ್ನೇ ನೋಡ್ತಿದಾಳೆ. ನೋಡ್ತಿದಾಳೆ. ಸಾಕು ಬಾ ಅಂತ ಬಾಯಲ್ಲಿ ಹೇಳಲ್ಲ ಅವಳು. ಕಾಲು ಚಾಚಿದ್ಲು. ಹೆಬ್ಬೆರಳು ಎತ್ತಿದ್ಲು. ಕಾನೂನು ಅಂದ್ಮೇಲೆ ಕಾನೂನು, ನಿಲ್ಲಿ—